ಮೊದಲು ಚರ್ಮ, ಆಮೇಲೆ ಬಣ್ಣ

ನಮಸ್ಕಾರ ನನ್ನ ಟ್ರಾನ್ಸ್ ಅಕ್ಕಂದಿರೇ, ತಂಗಿಯರೇ. ಇವತ್ತು ಹುಬ್ಬು ತಿದ್ದೋದರ ಬಗ್ಗೆ ಮಾತಾಡೋಣ ಅಂತ ಎಲ್ಲ ಬರೆದಿಟ್ಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಬಂದ ಒಂದು ಕಮೆಂಟು ಎರಡು ದಿನದಿಂದ ತಲೇಲಿ ಕೊರೀತಾ ಇದೆ. ಓದ್ತೀನಿ ಕೇಳಿ: "ಅಕ್ಕ, ನಿಮ್ಮ ಸನ್‌ಸ್ಕ್ರೀನ್ ಪುರಾಣ ಸಾಕು. ಗಡ್ಡದ ನೆರಳು ಮುಚ್ಚೋಕೆ ಯಾವ ಫೌಂಡೇಶನ್ ಅಂತ ಒಂದೇ ಸಾಲಲ್ಲಿ ಹೇಳಿಬಿಡಿ. ಮಿಕ್ಕಿದ್ದೆಲ್ಲ ಟೈಮ್‌ಪಾಸ್."

ಅದಕ್ಕೆ ಲೈಕ್ ಬೇರೆ, ಒಂದರ ಮೇಲೊಂದು. ನಮ್ಮ ಹುಡುಗೀರೇ ಕೊಟ್ಟಿರೋದು.

ತಂಗಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಆ ಪದ ಕಲಿಸಿದಾರಲ್ಲ, "ಮುಚ್ಚೋದು" ಅಂತ, ಸಿಟ್ಟು ಅದರ ಮೇಲೆ. ಟ್ರಾನ್ಸ್ ಮಹಿಳೆಯರಿಗೆ ಅಂತ ಯಾರೇ ಬ್ಯೂಟಿ ಟಿಪ್ಸ್ ಹೇಳಲಿ, ಮೊದಲ ಮಾತೇ ಮುಚ್ಚೋದು. ಗಡ್ಡ ಮುಚ್ಚಿ, ದವಡೆ ಮುಚ್ಚಿ, ಭುಜ ಮುಚ್ಚಿ, ಗಂಟಲು ಮುಚ್ಚಿ. ಅಷ್ಟೆಲ್ಲ ಮುಚ್ಚಿದ ಮೇಲೆ ಉಳಿಯೋದೇನು? ಇಷ್ಟು ವರ್ಷ ನಾವು ಮಾಡಿದ್ದು ಅದೇ ತಾನೇ? ನಾನು ಹೇಳೋದು ಇಷ್ಟೇ, ಹೋದ ವಾರಾನೂ ಹೇಳಿದೆ, ಇವತ್ತೂ ಹೇಳ್ತೀನಿ. ಮೊದಲು ಚರ್ಮ, ಆಮೇಲೆ ಬಣ್ಣ.

ಸರಿ, ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟೇ ಶುರು ಮಾಡ್ತೀನಿ. ಫೌಂಡೇಶನ್ ಯಾವ ಕಂಪನಿದಾದ್ರೂ ಸರಿ, ಬರೀ ಫೌಂಡೇಶನ್ನಿಂದ ಗಡ್ಡದ ನೆರಳು ಹೋಗಲ್ಲ. ಶೇವ್ ಮಾಡಿದಾಗ ಕೂದಲು ಚರ್ಮದ ಮಟ್ಟಕ್ಕೆ ಕತ್ತರಿಸುತ್ತೆ, ಬುಡ ಒಳಗೇ ಇರುತ್ತೆ. ಆ ಕಪ್ಪು ಚರ್ಮದ ಮೂಲಕ ಕಾಣುವಾಗ ನೀಲಿ ಬೂದಿ ಥರ ಕಾಣುತ್ತೆ. ಅದರ ಮೇಲೆ ಮೈಬಣ್ಣದ ಫೌಂಡೇಶನ್ ಎಷ್ಟು ಬಳಿದ್ರೂ ಬೂದಿ ಬೂದಿಯಾಗೇ ಇರುತ್ತೆ. ನೀಲಿಗೆ ಎದುರು ಬಣ್ಣ ಕಿತ್ತಳೆ. ಅದಕ್ಕೇ ಫೌಂಡೇಶನ್ನಿಗೂ ಮುಂಚೆ ಹಚ್ಚೋ ಕಿತ್ತಳೆ ಬಣ್ಣದ ಕ್ರೀಮು, ಅಂದ್ರೆ ಕರೆಕ್ಟರ್ ಬೇಕು. ಮೈಬಣ್ಣ ಕಪ್ಪಾದಷ್ಟೂ ಕೆಂಪಿಗೆ ಹತ್ತಿರದ ಕಿತ್ತಳೆ, ಬಿಳುಪಾದಷ್ಟೂ ಪೀಚ್. ಉಂಗುರದ ಬೆರಳ ತುದೀಲಿ ಒಂಚೂರು ತಗೊಂಡು ಮೇಲ್ದುಟಿ, ಗಲ್ಲ, ದವಡೆ, ಎಲ್ಲಿ ನೆರಳಿದೆಯೋ ಅಲ್ಲಿ ಮಾತ್ರ ತಟ್ಟಿ. ಉಜ್ಜಬೇಡಿ, ತಟ್ಟಿ. ಒಂದು ನಿಮಿಷ ಬಿಡಿ. ಆಮೇಲೆ ತೆಳ್ಳಗೆ ಫೌಂಡೇಶನ್, ಪೌಡರ್ ಒತ್ತಿ. ಆಯ್ತಾ? ಮುಗೀತಾ?

ಮುಗೀಲಿಲ್ಲ. ಯಾಕಂದ್ರೆ ಕೆಳಗಿರೋ ಚರ್ಮ ಬೊಬ್ಬೆ ಎದ್ದಿದ್ರೆ, ಆ ಕಿತ್ತಳೆ ಹೋಗಿ ಪ್ರತಿ ಗುಳ್ಳೆ ಸುತ್ತ ಕೂತ್ಕೊಳ್ಳುತ್ತೆ. ಸಿಪ್ಪೆ ಎದ್ದಿದ್ರೆ ಸಿಪ್ಪೆಗೆ ಅಂಟ್ಕೊಳ್ಳುತ್ತೆ. ಮಧ್ಯಾಹ್ನದ ಹೊತ್ತಿಗೆ ಗೋಡೆ ಸುಣ್ಣ ಬಿರಿದ ಹಾಗೆ. ಮೊದಲು ಚರ್ಮ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಗುಳ್ಳೆ ಬರೋದು ಎಲ್ಲಿಂದ? ನಾವು ಶೇವ್ ಮಾಡೋ ರೀತಿಯಿಂದ. ಚೂರೂ ಉಳೀಬಾರದು ಅನ್ನೋ ಹಟದಲ್ಲಿ ಚರ್ಮ ಎಳೆದು ಹಿಡಿದು, ಕೂದಲು ಬೆಳೆಯೋ ದಿಕ್ಕಿಗೆ ವಿರುದ್ಧವಾಗಿ ಎರಡು ಸಲ, ಮೂರು ಸಲ ಕೆರೀತೀವಿ. ಗುಂಗುರು ಕೂದಲಾದ್ರೆ ಕತ್ತರಿಸಿದ ಚೂಪು ತುದಿ ಬಾಗಿ ಮತ್ತೆ ಚರ್ಮದೊಳಗೇ ಹೊಕ್ಕುತ್ತೆ. ಅದೇ ಕೆಂಪು ಗುಳ್ಳೆ, ಅದೇ ಕೀವು, ಅದು ವಾಸಿಯಾದ ಮೇಲೆ ಅದೇ ಜಾಗದಲ್ಲಿ ಕಪ್ಪು ಕಲೆ. ಕಂದು ಮೈಬಣ್ಣದೋರಿಗೆ ಈ ಕಲೆ ತಿಂಗಳುಗಟ್ಟಲೆ ನಿಲ್ಲುತ್ತೆ. ಹಾಗಾಗಿ ಬೆಚ್ಚಗಿನ ನೀರಲ್ಲಿ ಎರಡು ಮೂರು ನಿಮಿಷ ಮುಖ ನೆನೆಸಿ, ಜೆಲ್ ಹಚ್ಚಿ, ಹರಿತ ಬ್ಲೇಡು, ಕೂದಲು ಬೆಳೆಯೋ ದಿಕ್ಕಿಗೇ, ಒತ್ತದೆ, ಹೋದ ಜಾಗಕ್ಕೆ ಮತ್ತೆ ಮತ್ತೆ ಹೋಗದೆ. ಆಮೇಲೆ ಮಾಯಿಶ್ಚರೈಸರ್. ಒಂದರ್ಧ ಗಂಟೆ ಬಿಟ್ಟು ಮೇಕಪ್. ಅಷ್ಟು ನುಣುಪು ಸಿಗಲ್ಲ, ಗೊತ್ತು. ಆ ಉಳಿದ ಚೂರಿಗೆ ಕಿತ್ತಳೆ ಇದೆಯಲ್ಲ!

ಇದರ ಬಗ್ಗೇನೇ ಭಾನುವಾರ ಲೈವ್ ಮಾಡ್ತಿದ್ದೀನಿ, ರೇಜರ್ ಹಿಡಿದೇ ತೋರಿಸ್ತೀನಿ. ಗಂಟೆ ಗುರುತು ಒತ್ತಿಟ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಅಕ್ಕ ಹೇಳಲೇ ಇಲ್ಲ ಅಂತೀರ.

ಇನ್ನೊಬ್ಬರು ಬರೆದಿದ್ದಾರೆ, "ಹಾರ್ಮೋನ್ ಶುರು ಮಾಡಿದ್ರೆ ಗಡ್ಡ ತಾನೇ ಹೋಗುತ್ತೆ, ಇದೆಲ್ಲ ಯಾಕೆ?" ಹೋಗಲ್ಲ ಕಂದ. ಮೈ ಮೇಲಿನ ಕೂದಲು ನಿಧಾನಕ್ಕೆ ತೆಳ್ಳಗಾಗುತ್ತೆ, ಚರ್ಮ ಮೃದು ಆಗುತ್ತೆ, ಗಡ್ಡ ಮಾತ್ರ ಜಾಗ ಬಿಡಲ್ಲ. ಒಡೆದ ದನಿಯೂ ವಾಪಸ್ ಆಗಲ್ಲ, ಅದಕ್ಕೆ ಅಭ್ಯಾಸಾನೇ ದಾರಿ. ಹಾರ್ಮೋನಿನಿಂದ ಚರ್ಮಕ್ಕೆ ಆಗೋದೇನು ಗೊತ್ತಾ? ಎಣ್ಣೆ ಕಡಿಮೆಯಾಗುತ್ತೆ. ನಿನ್ನೆವರೆಗೂ ಜಿಡ್ಡು ಮುಖಕ್ಕೆ ಅಂತ ಹಾಕ್ತಿದ್ದ ಫೇಸ್‌ವಾಶ್ ಇವತ್ತು ಉರಿ ಉರಿ. ನೀವು ಹಳೇ ಚರ್ಮಕ್ಕೆ ಕೊಂಡಿದ್ದನ್ನೇ ಹೊಸ ಚರ್ಮಕ್ಕೆ ಹಾಕ್ತಿದ್ದೀರ. ಸೌಮ್ಯವಾದ ಫೇಸ್‌ವಾಶ್‌ಗೆ ಬದಲಾಯಿಸಿ, ಒದ್ದೆ ಮುಖದ ಮೇಲೇ ಮಾಯಿಶ್ಚರೈಸರ್ ಹಚ್ಚಿ. ಹಾಗೇ ಈಸ್ಟ್ರೋಜನ್, ಅಂದ್ರೆ ನಾವು ತಗೊಳ್ಳೋ ಹೆಣ್ಣು ಹಾರ್ಮೋನಿನಿಂದ, ಕೆಲವರಿಗೆ ಕೆನ್ನೆ ಮೇಲೆ ಭಂಗು ಬರುತ್ತೆ, ಬಿಸಿಲು ಬಿದ್ರೆ ಅದು ಇನ್ನೂ ಕಪ್ಪಾಗುತ್ತೆ. ನನ್ನ ಸನ್‌ಸ್ಕ್ರೀನ್ "ಪುರಾಣ" ಹುಟ್ಟಿದ್ದೇ ಅಲ್ಲಿಂದ!

ಬಂತಲ್ಲ, ಹೇಳಿಯೇ ಬಿಡ್ತೀನಿ. ಸನ್‌ಸ್ಕ್ರೀನ್ ಮೇಲೆ ಬರೆದಿರೋ ಎಸ್‌ಪಿಎಫ್ ಅದರ ಶಕ್ತಿಯ ಅಳತೆ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿಬಿ ಕಿರಣ, ಅಂದ್ರೆ ಚರ್ಮ ಸುಡೋ ಬಿಸಿಲಿನ ಕಿರಣ ತಡೆಯುತ್ತೆ, 50 ಅಂದ್ರೆ 98. ಒಂದೇ ಒಂದರ ವ್ಯತ್ಯಾಸ. ನಿಜವಾದ ವ್ಯತ್ಯಾಸ ಇರೋದು ಎಷ್ಟು ಹಚ್ತೀರ ಅನ್ನೋದರಲ್ಲಿ. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು ಮುಖಕ್ಕೆ, ಕತ್ತಿಗೆ. ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಕಂದು, ಕಪ್ಪು ಮೈಬಣ್ಣದೋರು ಬಣ್ಣ ಬೆರೆತ ಸನ್‌ಸ್ಕ್ರೀನ್ ಕೊಳ್ಳಿ. ಅದರಲ್ಲಿರೋ ಐರನ್ ಆಕ್ಸೈಡ್, ಕಣ್ಣಿಗೆ ಕಾಣೋ ಬೆಳಕಿನಿಂದ ಬರೋ ಕಪ್ಪನ್ನೂ ಕಡಿಮೆ ಮಾಡುತ್ತೆ. ಗಡ್ಡದ ನೆರಳೂ ಒಂಚೂರು ತಗ್ಗುತ್ತೆ. ನೋಡಿ, ಚರ್ಮಕ್ಕೆ ಅಂತ ಹಚ್ಚಿದ್ದು ಬಣ್ಣದ ಕೆಲಸಾನೂ ಮಾಡ್ತು. ಟೈಮ್‌ಪಾಸ್ ಅಂತೆ!

ಕೂದಲು ತೆಗೆಯೋ ಲೇಸರ್ ಬಗ್ಗೆ ಬೇಗ ಹೇಳ್ತೀನಿ, ಅದಕ್ಕೆ ಬೇರೆ ವಿಡಿಯೋನೇ ಇದೆ. ಲೇಸರ್ ಹುಡುಕೋದು ಕೂದಲಿನ ಕಪ್ಪನ್ನ. ಬಿಳಿ ಕೂದಲಿಗೆ ತಾಕಲ್ಲ. ಮೈಬಣ್ಣ ಕಪ್ಪಿದ್ರೆ ಚರ್ಮದ ಕಪ್ಪನ್ನೂ ಹಿಡಿದು ಸುಡೋ ಅಪಾಯ ಇದೆ. ಅಂಥೋರಿಗೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಯಂತ್ರ ಹೆಚ್ಚು ಸುರಕ್ಷಿತ. ಕುರ್ಚಿ ಮೇಲೆ ಒರಗೋ ಮುಂಚೆ "ಯಾವ ಯಂತ್ರ?" ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದ್ರೆ ಎದ್ದು ಬನ್ನಿ. ಬೆಳೆಯೋ ಹಂತದಲ್ಲಿರೋ ಕೂದಲಿಗೆ ಮಾತ್ರ ಅದು ಕೆಲಸ ಮಾಡೋದು, ಹಾಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ನಡುವೆ ಶೇವ್ ಮಾಡಬಹುದು, ಕೀಳೋದು, ವ್ಯಾಕ್ಸ್, ದಾರ ಬೇಡವೇ ಬೇಡ. ಬುಡ ಇಲ್ದಿದ್ರೆ ಲೇಸರ್ ಯಾರನ್ನ ಹುಡುಕಬೇಕು? ಬಿಳಿ ಕೂದಲಿಗೆ ಎಲೆಕ್ಟ್ರಾಲಿಸಿಸ್, ಒಂದೊಂದೇ ಕೂದಲಿನ ಬುಡಕ್ಕೆ ಕರೆಂಟಿನ ಸೂಜಿ. ಅದು 1875ರಷ್ಟು ಹಳೇದು. ಚಾರ್ಲ್ಸ್ ಮಿಷೆಲ್ ಅನ್ನೋ ಕಣ್ಣಿನ ಡಾಕ್ಟರು, ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚೋ ರೆಪ್ಪೆ ಕೂದಲು ತೆಗೆಯೋಕೆ ಶುರು ಮಾಡಿದ್ದು. ತುಂಬಾ ತಾಳ್ಮೆ ಬೇಡುತ್ತೆ, ಆದ್ರೆ ಯಾವ ಬಣ್ಣದ ಕೂದಲಾದ್ರೂ ಶಾಶ್ವತವಾಗಿ ಹೋಗುತ್ತೆ.

ಈಗ ನನ್ನ ಕಥೆ ಒಂದು. ಶುರುವಿನ ದಿನಗಳಲ್ಲಿ ಒಬ್ಬ ಪರಿಚಯದೋರು ಒಂದು ಕ್ರೀಮ್ ಕೊಟ್ರು. ಹತ್ತು ದಿನದಲ್ಲಿ ಮುಖ ಹಾಲಿನ ಹಾಗೆ ಅಂದ್ರು. ಆಯ್ತು, ನಿಜವಾಗ್ಲೂ ಆಯ್ತು. ಎರಡು ತಿಂಗಳಿಗೆ ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಡ. ಕ್ರೀಮ್ ಒಂದು ದಿನ ಬಿಟ್ರೆ ಮೊಡವೆಯ ಜಾತ್ರೆ. ಆಮೇಲೆ ಒಂದು ಬೆಳಿಗ್ಗೆ ಕಿಟಕಿ ಹತ್ರ ಸಣ್ಣ ಕನ್ನಡಿ ಹಿಡಿದು ನೋಡ್ತೀನಿ, ಕೆನ್ನೆ ಮೇಲೆ, ಹಿಂದೆಂದೂ ಕೂದಲೇ ಇಲ್ಲದ ಜಾಗದಲ್ಲಿ, ಸಣ್ಣ ಸಣ್ಣ ಕಪ್ಪು ಕೂದಲು. ಕನ್ನಡಿ ಹಿಡಿದ ಕೈ ನಡುಗ್ತಿತ್ತು. ಚರ್ಮದ ಡಾಕ್ಟರು ಟ್ಯೂಬ್ ನೋಡಿದ ತಕ್ಷಣ ಹೇಳಿದ್ರು, ಸ್ಟೀರಾಯ್ಡ್. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ರಕ್ತನಾಳ ಕಾಣುತ್ತೆ, ಕೂದಲೂ ಬೆಳೆಯುತ್ತೆ. ಕೂದಲು ಹೋಗಲಿ ಅಂತ ದಿನಾ ಬೇಡ್ಕೊಳ್ತಿದ್ದೋಳು, ನನ್ನ ಕೈಯಾರೆ ಕೂದಲು ಬೆಳೆಸಿದ್ದೆ! ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸಾನೂ ಇರುತ್ತೆ, ಅದು ಮೂತ್ರಪಿಂಡಕ್ಕೇ ಹೊಡೆತ. ಬೆಳ್ಳಗಾದ್ರೇನೇ ಹೆಣ್ಣು ಅಂತ ಯಾರು ಹೇಳಿದ್ದು ನಮಗೆ? ಯಾರು?

ಕ್ರೀಮಿಗಿಂತ ಭಯಂಕರವಾದದ್ದು ಇನ್ನೊಂದಿದೆ. ಕೆನ್ನೆ ತುಂಬಿಸ್ತೀವಿ, ಸೊಂಟ ತುಂಬಿಸ್ತೀವಿ ಅಂತ ಡಾಕ್ಟರಲ್ಲದೋರು ಮನೇಲಿ ಚುಚ್ಚೋ ಸಿಲಿಕೋನ್. ಅದು ಇಟ್ಟ ಜಾಗದಲ್ಲಿ ಇರಲ್ಲ, ಹರಿದಾಡುತ್ತೆ, ಗಂಟು ಕಟ್ಟುತ್ತೆ. ರಕ್ತನಾಳಕ್ಕೆ ಹೋಗಿ ಶ್ವಾಸಕೋಶ ಸೇರಿದ್ರೆ ಜೀವಾನೇ ಹೋಗುತ್ತೆ. ನಮ್ಮೋರು ಸತ್ತಿದ್ದಾರೆ ಇದರಿಂದ. ಹಾರ್ಮೋನ್ ಮಾತ್ರೇನೂ ಅಷ್ಟೇ. ಗೆಳತಿ ತಗೊಳ್ಳೋದನ್ನೇ ತಗೊಳ್ಳೋದು, ಬೇಗ ಆಗಲಿ ಅಂತ ಎರಡೆರಡು ನುಂಗೋದು. ಎರಡು ನುಂಗಿದ್ರೆ ಮೃದುತ್ವ ಎರಡರಷ್ಟಾಗಲ್ಲ, ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿಯಾಗುತ್ತೆ. ಸಿಗರೇಟ್ ಸೇದೋರಿಗಂತೂ ಇನ್ನೂ. ಡಾಕ್ಟರ ಹತ್ರ ಹೋಗಿ, ರಕ್ತಪರೀಕ್ಷೆ ಮಾಡಿಸ್ಕೊಳ್ಳಿ.

"ಅಕ್ಕ, ನೀವು ಸುಲಭವಾಗಿ ಹೇಳ್ತೀರ, ಹೊರಗೆ ಹೋದಾಗ ಗಡ್ಡ ಕಂಡ್ರೆ ಜನ ಬಿಡ್ತಾರಾ?" ಬಿಡಲ್ಲ. ನನಗೆ ಗೊತ್ತಿಲ್ವಾ? ನಾನೂ ಹಚ್ಕೊಂಡೇ ಕೂತಿದ್ದೀನಿ ಇಲ್ಲಿ, ಕಿತ್ತಳೆ, ಫೌಂಡೇಶನ್, ಎಲ್ಲ. ಹಚ್ಕೊಳ್ಳಿ! ಯಾರು ಬೇಡ ಅಂದ್ರು? ರಾತ್ರಿ ತೆಗೀರಿ ಅಂತಿದ್ದೀನಿ. ಎಷ್ಟು ಜನ ಮೇಕಪ್ಪಲ್ಲೇ ಮಲಗ್ತೀರ, ನನಗೆ ಮೆಸೇಜ್ ಬರುತ್ತೆ, ಗೊತ್ತು. ತೆಗೆದ ಮುಖ ನೋಡೋಕೆ ಭಯ ಅಂತ ದೀಪ ಆರಿಸಿ ಮುಖ ತೊಳೆಯೋ ಹುಡುಗೀರಿದ್ದಾರೆ. ಅದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

"ನಿಜವಾದ ಹೆಂಗಸರಿಗೆ ಇಷ್ಟೆಲ್ಲ ಬೇಕಾ" ಅಂತ ಒಬ್ಬ ಮಹಾನುಭಾವ ಬರೆದಿದ್ದಾನೆ. ಪಿಸಿಒಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಮುಖದ ಮೇಲೂ ಕೂದಲು ಬರಬಹುದಾದ ತೊಂದರೆ ಇರೋ ಎಷ್ಟೋ ಹೆಣ್ಣುಮಕ್ಕಳು ಅದೇ ಲೇಸರ್ ಕುರ್ಚಿ ಮೇಲೆ, ನನ್ನ ಮುಂದಿನ ಸರದೀಲಿ ಕೂತಿರ್ತಾರೆ. ಅವನನ್ನ ಬ್ಲಾಕ್ ಮಾಡಿದೀನಿ. ಮುಂದೆ ಹೋಗೋಣ.

ಒಂದು ರಾತ್ರಿ, ತುಂಬ ಹಿಂದೆ, ಪಾದ ಒಡೆದು ರಕ್ತ ಬರ್ತಿತ್ತು. ಬೇರೆ ದಾರಿ ಇಲ್ದೆ ಹಾಸಿಗೆ ತುದೀಲಿ ಕೂತು ಲೋಷನ್ ಹಚ್ಚೋಕೆ ಶುರು ಮಾಡಿದೆ. ಹಿಮ್ಮಡಿ, ಆಮೇಲೆ ಬೆರಳ ಸಂದಿ, ಆಮೇಲೆ ಮೊಣಕಾಲವರೆಗೆ. ಹಚ್ತಾ ಹಚ್ತಾ ಇದ್ದಕ್ಕಿದ್ದ ಹಾಗೆ ಹೊಳೀತು, ನಾನು ನನ್ನ ಕಾಲನ್ನ ಇಷ್ಟು ಹೊತ್ತು ಮುಟ್ಟಿದ್ದೇ ಇಲ್ಲ. ಸ್ನಾನ ಮಾಡೋವಾಗ್ಲೂ ಕಣ್ಣು ಬೇರೆ ಕಡೆ ಇಟ್ಟು ಸರಸರ ನೀರು ಹುಯ್ಕೊಂಡು ಬರ್ತಿದ್ದೋಳು ನಾನು. ಈ ಮೈ ನನ್ನದಲ್ಲ ಅಂತ ಅಷ್ಟು ವರ್ಷ ದೂರ ಇಟ್ಟಿದ್ದೆ. ಆವತ್ತು ಬಾಟಲಿ ಅರ್ಧ ಖಾಲಿಯಾಯ್ತು, ಕೂತು ಹಚ್ತಾನೇ ಇದ್ದೆ, ಅಳ್ತಾನೇ ಇದ್ದೆ. ನನಗೆ ನಾನು ಹೆಣ್ಣಾಗಿ ಕಂಡಿದ್ದು ಆ ರಾತ್ರಿ. ಲಿಪ್‌ಸ್ಟಿಕ್ ಇರಲಿಲ್ಲ, ವಿಗ್ ಇರಲಿಲ್ಲ, ಗಡ್ಡ ಎರಡು ದಿನದ್ದಿತ್ತು.

ಇದನ್ನ ಟೈಮ್‌ಪಾಸ್ ಅಂತ ಹೇಳಿಸ್ಕೊಳ್ಳೋಕೆ ನಾನು ತಯಾರಿಲ್ಲ. ಮೊದಲು ಚರ್ಮ! ಯಾಕೆ ಅಂದ್ರೆ ಮೊದಲು ಚರ್ಮ, ಅಷ್ಟೇ! ಇನ್ನೂ ಏನೇನೋ ಬರೆದಿಟ್ಕೊಂಡಿದ್ದೆ ಇಲ್ಲಿ, ಕೂದಲು ಉದುರೋದು, ತಲೆಗೂದಲು ಬೆಳೆಯೋಕೆ ಹಚ್ಚೋ ಮಿನಾಕ್ಸಿಡಿಲ್ ಹಣೆ ಮೇಲೆ ಇಳಿಯೋಕೆ ಬಿಡಬೇಡಿ, ಅಲ್ಲೂ ಕೂದಲು ಬರಬಹುದು ಅಂತೆಲ್ಲ. ಬಿಡಿ, ಇನ್ನೊಂದು ದಿನ. ಗುಳ್ಳೆ, ಕಲೆ, ಕಿರಣ ಎಲ್ಲ ಕಾರಣಾನೂ ಹೇಳಿಯಾಯ್ತು, ಆದ್ರೂ ನಾಳೆ ಮತ್ತೆ ಯಾರೋ ಕೇಳ್ತೀರ, ಯಾವ ಫೌಂಡೇಶನ್ ಅಕ್ಕ ಅಂತ. ಕೇಳಿ. ನಾನೂ ಮತ್ತೆ ಇದನ್ನೇ ಹೇಳ್ತೀನಿ. ನೂರು ವಿಡಿಯೋ ಆದ್ರೂ ಸರಿ.

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಈಗಷ್ಟೇ ಹೆಜ್ಜೆ ಇಡ್ತಿರೋ ನಿಮ್ಮ ಗೆಳತಿಗೆ ಇದನ್ನ ಕಳಿಸಿ. ಭಾನುವಾರದ ಲೈವ್ ಮರೀಬೇಡಿ. ಮತ್ತೆ ಆ ಕಮೆಂಟ್ ಬರೆದ ತಂಗಿ, ನಿನ್ನ ಕಮೆಂಟನ್ನ ಮೇಲೆ ಪಿನ್ ಮಾಡಿದೀನಿ, ಕಿತ್ತಳೆ ಕರೆಕ್ಟರ್ ಹಚ್ಚೋ ವಿವರ ಅದರ ಕೆಳಗೇ ಬರೆದಿದೀನಿ. ನಾಳೆ ಹಚ್ಕೊಂಡು ಹೊರಡು. ಇವತ್ತು ರಾತ್ರಿ ಮಾತ್ರ ದೀಪ ಹಾಕ್ಕೊಂಡು ಮುಖ ತೊಳಿ.