ಮೂರು ಬಿಡಿಭಾಗ ಉಳಿದಿದ್ದ ಬೆಂಟ್ಲಿ

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಾವು ಮೊದಲು ಕೇಳುವುದೇನು? ಎಷ್ಟನೇ ಓನರ್ ಅಂತ. "ಸಿಂಗಲ್ ಓನರ್ ಸಾರ್, ಡಾಕ್ಟರ್ ಇಟ್ಕೊಂಡಿದ್ದ ಗಾಡಿ" ಅಂದರೆ ಅರ್ಧ ವ್ಯಾಪಾರ ಮುಗಿಯಿತು. ಆ ಡಾಕ್ಟರನ್ನು ಯಾರೂ ನೋಡಿರುವುದಿಲ್ಲ. ಪ್ರತಿ ಬ್ರೋಕರ್ ಹತ್ತಿರವೂ ಒಬ್ಬ ಡಾಕ್ಟರ್ ಮಾತ್ರ ಇದ್ದೇ ಇರುತ್ತಾರೆ. ನಗಬೇಡಿ, ಇವತ್ತು ನಾನು ಹೇಳುವ ಕಾರಿನ ಕಥೆಯೂ ಇದೇ. ಸೊನ್ನೆಗಳು ಜಾಸ್ತಿ, ಅಷ್ಟೇ.

ಬೆಂಟ್ಲಿ ಸ್ಪೀಡ್ ಸಿಕ್ಸ್. ಆರೂವರೆ ಲೀಟರ್ ಎಂಜಿನ್, ಆರು ಸಿಲಿಂಡರ್. ಬಾನೆಟ್ ಮೇಲೆ ಚರ್ಮದ ಪಟ್ಟಿ, ಎದುರಿಗೆ ತಟ್ಟೆಯಷ್ಟಗಲದ ಹೆಡ್‌ಲೈಟ್. 1929ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸಿಗೆ ಇದು 1ನೇ ನಂಬರ್ ಹಚ್ಚಿಕೊಂಡು ಇಳಿಯಿತು, ಗೆದ್ದಿತು. ಆ ವರ್ಷ ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಗಳದ್ದೇ. ಮರುವರ್ಷ ಅದೇ ಕಾರು ಮತ್ತೆ ಗೆದ್ದಿತು. ಒಂದೇ ಕಾರು ಸತತ ಎರಡು ವರ್ಷ ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಅಲ್ಲಿಂದ ಅದಕ್ಕೆ "ಓಲ್ಡ್ ನಂಬರ್ ಒನ್" ಅನ್ನುವ ಹೆಸರು ಅಂಟಿಕೊಂಡಿತು.

ಎರಡು ಸಲವೂ ಓಡಿಸಿದವನು ವುಲ್ಫ್ ಬಾರ್ನಾಟೊ. ಅಪ್ಪ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ವಜ್ರದ ವ್ಯವಹಾರದಿಂದ ದುಡ್ಡು ಮಾಡಿದವನು. ಆ ದುಡ್ಡಿನಲ್ಲಿ ಮಗ ಮುಳುಗುತ್ತಿದ್ದ ಬೆಂಟ್ಲಿ ಕಂಪನಿಯನ್ನು ಎತ್ತಿ ಹಿಡಿದ. ಕಂಪನಿಯ ಯಜಮಾನನೇ ರೇಸ್ ಡ್ರೈವರ್! ಶೋಕಿ ಅಂತ ತಳ್ಳಿಹಾಕಬಹುದು. ಆದರೆ ಲೆ ಮಾನ್ಸ್‌ಗೆ ಮೂರು ಸಲ ಇಳಿದ, ಮೂರು ಸಲವೂ ಗೆದ್ದ. 1929ರಲ್ಲಿ ಜೊತೆಗಿದ್ದವನು ಟಿಮ್ ಬರ್ಕಿನ್, 1930ರಲ್ಲಿ ಗ್ಲೆನ್ ಕಿಡ್‌ಸ್ಟನ್. ಕಿಡ್‌ಸ್ಟನ್ ಮರುವರ್ಷವೇ ವಿಮಾನ ಅಪಘಾತದಲ್ಲಿ ತೀರಿಹೋದ. ಅದೇ 1931ರಲ್ಲಿ ಬೆಂಟ್ಲಿ ಕಂಪನಿಯೂ ರೋಲ್ಸ್ ರಾಯ್ಸ್ ಪಾಲಾಯಿತು.

ಕಾರು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. 1932ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್. 500 ಮೈಲಿಯ ರೇಸ್. ಅಷ್ಟೊತ್ತಿಗೆ ಕಾರಿಗೆ ಎಂಟು ಲೀಟರ್ ಎಂಜಿನ್ ಕೂರಿಸಿದ್ದರು. ಬ್ರೂಕ್‌ಲ್ಯಾಂಡ್ಸ್ ತಿರುವುಗಳು ಬಾಣಲೆಯ ಅಂಚಿನ ಹಾಗೆ ಮೇಲಕ್ಕೆ ಎದ್ದಿರುತ್ತಿದ್ದವು. ಕ್ಲೈವ್ ಡನ್‌ಫಿ ಓಡಿಸುತ್ತಿದ್ದಾಗ ಕಾರು ಆ ಅಂಚು ದಾಟಿ ಆಚೆ ಹಾರಿತು. ಅವನು ಅಲ್ಲೇ ಸತ್ತ.

ನಜ್ಜುಗುಜ್ಜಾದ ಕಾರನ್ನು ಮತ್ತೆ ಕಟ್ಟಿದರು, ಈ ಸಲ ಮೇಲ್ಛಾವಣಿ ಇರುವ ಕೂಪೆಯಾಗಿ. ಆಮೇಲೆ ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಬಂತು. ಕೂಪೆ ಬಾಡಿಯೂ ಹೋಯಿತು, ಹಳೆಯ ಲೆ ಮಾನ್ಸ್ ಕಾರಿನ ಹಾಗೆ ತೆರೆದ ಬಾಡಿ ಬಂತು.

1990ರಲ್ಲಿ ಮಿಡಲ್‌ಬ್ರಿಜ್ ಅನ್ನುವ ಕಂಪನಿ ಈ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿಕೊಂಡಿತು. ಆಮೇಲೆ ವರಸೆ ಬದಲಾಯಿತು. ಇದು ಲೆ ಮಾನ್ಸ್ ಗೆದ್ದ ಕಾರೇ ಅಲ್ಲ, ದುಡ್ಡು ಕೊಡುವುದಿಲ್ಲ ಅಂದರು. ಮಾರಿದವರು ಲಂಡನ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ಕೋರ್ಟಿನಲ್ಲಿ ತಜ್ಞರು ಕಾರಿನ ಒಂದೊಂದು ಭಾಗದ ಜಾತಕ ಬಿಚ್ಚಿಟ್ಟರು. 1929ರದ್ದು ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಇಲ್ಲ. 1930ರ ಕಾರಿನದ್ದು ಮೂರು: ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಗವಸು, ಸ್ಟೀರಿಂಗ್ ಕಾಲಮ್. ಅಷ್ಟೇ! ಚಾಸಿ ಬೇರೆ, ಎಂಜಿನ್ ಬೇರೆ, ಬಾಡಿ ಬೇರೆ. ನಮ್ಮ ಆರ್‌ಟಿಓ ಇನ್ಸ್‌ಪೆಕ್ಟರ್ ಆಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು.

ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟದ್ದು ಮಾತ್ರ ಮಾರಿದವರ ಪರವಾಗಿ. ಇದನ್ನು ಮೂಲ ಕಾರು ಅನ್ನಲಾಗದು, ಆದರೆ ಅಸಲಿ ಓಲ್ಡ್ ನಂಬರ್ ಒನ್ ಇದೇ ಅಂದರು. ಯಾಕೆಂದರೆ ಈ ಕಾರು ಯಾವತ್ತೂ ಒಂದೇ ಏಟಿಗೆ ಬದಲಾಗಲಿಲ್ಲ. ರೇಸಿಂದ ರೇಸಿಗೆ, ಕೈಯಿಂದ ಕೈಗೆ, ಒಂದೊಂದೇ ಭಾಗ ಬದಲಾಗುತ್ತಾ ಬಂತು. ಮಧ್ಯೆ ಎಲ್ಲೂ ಕೊಂಡಿ ಕಳಚಲಿಲ್ಲ. ಆ ಹೆಸರು ತನ್ನದು ಅನ್ನಬಹುದಾದ ಇನ್ನೊಂದು ಕಾರೂ ಇರಲಿಲ್ಲ.

ಇಂಗ್ಲಿಷರಿಗೆ ಇದು ದೊಡ್ಡ ತತ್ವಜಿಜ್ಞಾಸೆ. ನಮಗೆ ಇದರಲ್ಲಿ ಹೊಸದೇನಿದೆ ಹೇಳಿ? ಊರ ತೇರಿನ ಗಾಲಿ ಬದಲಾಗಿರುತ್ತದೆ, ಅಚ್ಚು ಬದಲಾಗಿರುತ್ತದೆ, ಹಲಗೆ ಬದಲಾಗಿರುತ್ತದೆ. ಆದರೂ ಜಾತ್ರೆಯ ದಿನ "ಇದು ಹಳೇ ತೇರಲ್ಲ" ಅಂತ ಹಗ್ಗ ಕೆಳಗಿಟ್ಟು ಮನೆಗೆ ಹೋದವರನ್ನು ನಾನಂತೂ ನೋಡಿಲ್ಲ.

ಹಾಗಾಗಿ ನಾನು ನ್ಯಾಯಮೂರ್ತಿಗಳ ಪರ. ಈಗಿನ ಕ್ಲಾಸಿಕ್ ಕಾರಿನ ಮಾರುಕಟ್ಟೆಯಲ್ಲಿ "ಮ್ಯಾಚಿಂಗ್ ನಂಬರ್ಸ್" ಅನ್ನುವ ಹುಚ್ಚು ಇದೆ. ಎಂಜಿನ್ ಮೇಲಿನ ನಂಬರ್ ಫ್ಯಾಕ್ಟರಿಯ ದಾಖಲೆಗೆ ಹೊಂದಿದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ರಸ್ತೆ ಕಾರಿಗೆ ಸರಿ. ರೇಸ್ ಕಾರಿಗೆ ಇದೆಂಥ ಲೆಕ್ಕ? ರೇಸ್ ಕಾರಿನ ಎಂಜಿನ್ ಸಿಡಿಯುತ್ತದೆ, ಚಾಸಿ ಬಾಗುತ್ತದೆ. ಹುಟ್ಟಿದಾಗಿನ ಬೋಲ್ಟು ಒಂದೂ ಬಿಡದೆ ಹಾಗೇ ಇದೆ ಅಂದರೆ, ಅದು ರೇಸಿನಲ್ಲಿ ಜಾಸ್ತಿ ಏನೂ ಮಾಡಿರಲಿಕ್ಕಿಲ್ಲ.

ಆದರೆ ಒಂದು ತಕರಾರು ಇದೆ. ಕೋರ್ಟಿಗಲ್ಲ, ರೆಸ್ಟೋರ್ ಮಾಡುವವರಿಗೆ. ಕಾರನ್ನು ಹಳೆಯ ರೂಪಕ್ಕೆ ತರುತ್ತೇವೆ ಅನ್ನುತ್ತಾರಲ್ಲ, ಯಾವ ದಿನದ ರೂಪಕ್ಕೆ? ಈ ಬೆಂಟ್ಲಿಗೆ 1929 ಇದೆ, 1930 ಇದೆ, ಒಬ್ಬ ಮನುಷ್ಯ ಸತ್ತ 1932 ಇದೆ, ಆಮೇಲೆ ಕೂಪೆಯಾಗಿದ್ದ ಕಾಲವೂ ಇದೆ. ಆರಿಸಿಕೊಳ್ಳುವುದು ಯಾವಾಗಲೂ ಗೆದ್ದ ದಿನವನ್ನೇ. ಕೂಪೆ ಬಾಡಿ ಬಿಚ್ಚಿದಾಗ ಆ ವರ್ಷಗಳೂ ಅದರ ಜೊತೆಗೇ ಹೋದವು. ಇದು ಬರೀ ಹಳೇ ಕಾರಾಗಿದ್ದಾಗ ಗುಜರಿಗೆ ಹಾಕದೆ, ಸೋರುವ ಎಣ್ಣೆ ಒರೆಸಿಕೊಂಡು ಇಟ್ಟುಕೊಂಡವರಿದ್ದರು ನೋಡಿ. ನ್ಯಾಯಮೂರ್ತಿಗಳು ಹಿಡಿದ ಕೊಂಡಿ ಅವರದ್ದು. ಕಾರಿನ ಮೈಮೇಲೆ ಮಾತ್ರ ಅವರ ಗುರುತಿಲ್ಲ. ಬಾರ್ನಾಟೊ ಬಿಟ್ಟುಹೋದ ಕಾರನ್ನು ಉಳಿಸಿದವರು ಬಾರ್ನಾಟೊಗಿಂತ ಕಡಿಮೆಯವರು ಅಂತ ನನಗೆ ಅನ್ನಿಸುವುದಿಲ್ಲ. ನನ್ನ ಕೈಯಲ್ಲಿದ್ದರೆ ಆ ಕೂಪೆಯನ್ನು ಹಾಗೇ ಬಿಡುತ್ತಿದ್ದೆ. 1 ಕೋಟಿ ಪೌಂಡು ಬರುತ್ತಿರಲಿಲ್ಲ ಅನ್ನಿ, ಅದೂ ಗೊತ್ತು.

ಇಷ್ಟೆಲ್ಲ ಮಾತಾಡಿದ ಮೇಲೆ ಒಂದು ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಆ ಕಾರಿನ ಹತ್ತಿರ ಹತ್ತು ನಿಮಿಷ ಬಿಟ್ಟರೆ ನಾನು ಎಂಜಿನ್ ನೋಡುವುದಿಲ್ಲ, ಫೋಟೋ ತೆಗೆಸಿಕೊಳ್ಳುವುದೂ ಇಲ್ಲ. ನೆಲಕ್ಕೆ ಮಂಡಿಯೂರಿ, ಡ್ರೈವರ್ ಸೀಟಿನ ಕೆಳಗೆ ಬಗ್ಗಿ, "ಆ ಪೆಡಲ್ ಶಾಫ್ಟ್ ಯಾವುದು, ಸ್ವಲ್ಪ ಟಾರ್ಚ್ ಹಿಡೀರಿ" ಅನ್ನುತ್ತೇನೆ.