ಮೊದಲು ಪೇಶೆಂಟ್ ಲೆಕ್ಕ, ಆಮೇಲೆ ಸಂಬಳ

ಎಲ್ಲರಿಗೂ ನಮಸ್ಕಾರ. ಮೇ 12, ನರ್ಸ್‌ಗಳ ದಿನ ಬಂದರೆ ನಮಗೆ ಹೂವು, ಕೇಕು, ಮೇಣದಬತ್ತಿ ಎಲ್ಲ ಸಿಗುತ್ತದೆ. 13ಕ್ಕೆ ಮತ್ತೆ ಡಬಲ್ ಡ್ಯೂಟಿ. ನಗ್ತೀರಿ, ನಗಿ. ಮುಂದಿನ ಸಾಲಿನಲ್ಲಿ ಕೂತಿರುವ ಸೀನಿಯರ್ ಸಿಸ್ಟರ್‌ಗಳು ನಗುತ್ತಿಲ್ಲ ನೋಡಿ.

ಫೈನಲ್ ಇಯರ್ ಮಕ್ಕಳು ಬೆಳಗ್ಗೆಯಿಂದ ಒಂದೇ ಕೇಳುತ್ತಿದ್ದಾರೆ: ಕೆಲಸ ಸಿಗುತ್ತಾ ಮೇಡಂ? ಸಿಗುತ್ತದೆ. ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸ್‌ಗಳ ಕೊರತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ನಮ್ಮಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ, ಕೇರಳದ ಮಕ್ಕಳೂ ಇಲ್ಲಿಗೇ ಬಂದು ಓದುತ್ತಾರೆ. ಮತ್ತೆ ವಾರ್ಡ್‌ನಲ್ಲಿ ಯಾಕೆ ಜನ ಇಲ್ಲ? ನನ್ನ ಹಳೇ ರಾಗ ಇದೇ. ಓದಿದವರು ಇದ್ದಾರೆ, ಕೆಲಸಕ್ಕೆ ತಗೊಳ್ಳುವವರ ಕೈ ಬಿಗಿ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ 3 ಪೇಶೆಂಟ್‌ಗೆ ಒಬ್ಬರು ನರ್ಸ್, ಬೇರೆ ಕಡೆ 5ಕ್ಕೆ ಒಬ್ಬರು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಪರೀಕ್ಷೆಯಲ್ಲಿ ಬರೆದಿದ್ದೀರಿ, ಮಾರ್ಕ್ಸೂ ಬಂದಿದೆ, ಅಲ್ವಾ?

ನಾನಿದ್ದ ಒಂದು ಆಸ್ಪತ್ರೆಯ ಕಥೆ ಕೇಳಿ. ಮೆಡಿಕಲ್ ವಾರ್ಡ್, ನೈಟ್ ಡ್ಯೂಟಿ, ನಲವತ್ತರ ಹತ್ತಿರ ಪೇಶೆಂಟ್. ಹೊಸದಾಗಿ ಸೇರಿದ ಹುಡುಗಿ ಒಬ್ಬಳೇ. ಜೊತೆಯವಳನ್ನು ಕ್ಯಾಶುವಾಲ್ಟಿಗೆ ಎಳೆದುಕೊಂಡು ಹೋಗಿದ್ದರು. ಹತ್ತು ಗಂಟೆಯ ಆಂಟಿಬಯೋಟಿಕ್ ಟ್ರೇ ಕೈಯಲ್ಲಿದೆ. ಆ ಮೂಲೆಯಿಂದ "ಸಿಸ್ಟರ್, ಡ್ರಿಪ್ ಖಾಲಿ!" ಈ ಕಡೆ ಅಜ್ಜಿಗೆ ಬೆಡ್‌ಪ್ಯಾನ್ ಬೇಕು. ಆಸ್ತಮಾದವರಿಗೆ ಉಬ್ಬಸ ಶುರುವಾಗಿ ನೆಬುಲೈಸರ್ ಹಾಕಬೇಕು. ಅಷ್ಟರಲ್ಲಿ ಒಬ್ಬರು ಫ್ಯಾನ್ ತಿರುಗುತ್ತಿಲ್ಲ ಅಂತ ಜಗಳಕ್ಕೆ ಬಂದರು. ಫ್ಯಾನ್ ರಿಪೇರಿ ಮಾತ್ರ ನಮ್ಮ ಸಿಲಬಸ್‌ನಲ್ಲಿ ಇನ್ನೂ ಬಂದಿಲ್ಲ. ಬೆಳಗ್ಗೆಯವರೆಗೆ ಒಬ್ಬ ಪೇಶೆಂಟ್‌ಗೂ ತೊಂದರೆ ಆಗದ ಹಾಗೆ ನೋಡಿಕೊಂಡಳು. ಮಾರನೇ ದಿನ ಮೆಮೊ ಬಂತು: ಇನ್‌ಟೇಕ್-ಔಟ್‌ಪುಟ್ ಚಾರ್ಟ್, ಅಂದರೆ ಪೇಶೆಂಟ್ ದೇಹಕ್ಕೆ ಹೋದ, ಹೊರಗೆ ಬಂದ ನೀರಿನ ಲೆಕ್ಕ, ಯಾಕೆ ತುಂಬಿಲ್ಲ? ಆ ರಾತ್ರಿ ಎಷ್ಟು ಪೇಶೆಂಟ್ ಇದ್ದರು ಅಂತ ಮೆಮೊದಲ್ಲಿ ಒಂದಕ್ಷರ ಇರಲಿಲ್ಲ. ಆರು ತಿಂಗಳೊಳಗೆ ಅವಳು ಗಲ್ಫ್‌ಗೆ ಹೋದಳು. ಅವಳ ಜಾಗಕ್ಕೆ ಇನ್ನೊಬ್ಬ ಫ್ರೆಶರ್. ಮತ್ತೆ ಒಬ್ಬಳೇ.

ಅದಕ್ಕೇ ಇಂಟರ್‌ವ್ಯೂನಲ್ಲಿ ಮೊದಲು ಕೇಳಿ: ನೈಟ್‌ನಲ್ಲಿ ಒಬ್ಬರಿಗೆ ಎಷ್ಟು ಪೇಶೆಂಟ್?

ಆಮೇಲೆ ಸಂಬಳ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಿರಲಿ, ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂದಿತು. 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. ಇಲ್ಲಿ ಎಷ್ಟು ಜನಕ್ಕೆ ಅಷ್ಟು ಬರುತ್ತಿದೆ? ಕೈ ಎತ್ತಬೇಡಿ, ಫೋಟೊ ತೆಗೆಯುತ್ತಿದ್ದಾರೆ.

ಚೀಟಿ ಬಂತು, ಐದು ನಿಮಿಷ ಅಂತೆ. ಫಾರಿನ್ ವಿಷಯ ಬೇಗ ಹೇಳಿಬಿಡುತ್ತೇನೆ. ಜರ್ಮನಿಗೆ ಜರ್ಮನ್ ಭಾಷೆ ಕಲಿಯಲೇಬೇಕು, ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಅಮೆರಿಕಕ್ಕೆ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್. ಏಜೆಂಟ್‌ಗೆ ಸರ್ಕಾರದ ನೋಂದಣಿ ಇದೆಯಾ ನೋಡದೆ ಒಂದು ರೂಪಾಯಿ ಕೊಡಬೇಡಿ. ಇನ್ನೊಂದು, ಎಲ್ಲೇ ಸೇರಿದರೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಸ್ಪತ್ರೆಯವರ ಕೈಗೆ ಕೊಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ. ಬಾಂಡ್‌ಗೆ, ಅಂದರೆ ಇಷ್ಟು ದಿನ ಕೆಲಸ ಬಿಡುವುದಿಲ್ಲ ಅಂತ ಬರೆದುಕೊಡುವ ಪತ್ರಕ್ಕೆ, ಸಹಿ ಹಾಕುವ ಮುಂಚೆ ಮನೆಗೆ ತಂದು ಪೂರ್ತಿ ಓದಿ. ಪ್ರಶ್ನೆ ಇದ್ದವರು ಊಟದ ಹಾಲ್‌ನಲ್ಲಿ ಸಿಗಿ, ನಾನು ಅಲ್ಲೇ ಇರುತ್ತೇನೆ.