ದೇವಿಯೂ ಮುಳುಗಡೆಯವಳೇ

ನಮಸ್ಕಾರ ಕೇಳುಗರೇ.

ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಓಡಾಡಿದವರ ಕಣ್ಣಿಗೆ ಒಂದು ಬೋರ್ಡು ಬಿದ್ದೇ ಬಿದ್ದಿರುತ್ತದೆ. ಅಡಿಕೆ ತೋಟದ ದಣಪೆ ಹತ್ತಿರ, ಬೀಗ ಹಾಕಿದ ಮನೆಯ ಜಗಲಿಯಲ್ಲಿ, ಗುಜರಿ ಅಂಗಡಿಯ ತಗಡಿನ ಮೇಲೂ. 'ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ.' ಅಷ್ಟೇ.

ಹೊರಗಿನವರು ನೋಡಿ ನಗುತ್ತಾರೆ. ಕಾಲೇಜಿಗೆ ಹೋಗುವಾಗ ನಾನೂ ನಕ್ಕವನೇ. ಆಮೇಲೆ ಒಂದು ವರ್ಷ ಕೊನೆ ಕೊಯ್ಲು ಮುಗಿದು, ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲಿ ಎರಡು ಚೀಲದಷ್ಟು ರಾತ್ರೋರಾತ್ರಿ ಮಾಯವಾಯಿತು. ಅಪ್ಪ ದೂರು ಗೀರು ಅಂತ ಎಲ್ಲಿಗೂ ಹೋಗಲಿಲ್ಲ. ಚಾ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದಾಗ, ಯಾರ ಮುಖವನ್ನೂ ನೋಡದೆ, 'ನಾಡಿದ್ದು ಸಿಗಂದೂರಿಗೆ ಹೋಗಿ ಹೇಳ್ಕೊಂಡು ಬರ್ತೀನಿ' ಅಂದು ಸುಮ್ನೆ ಎದ್ದು ಬಂದರು. ಅಡಿಕೆ ವಾಪಸ್ ಬಂತಾ? ಇಲ್ಲ. ಬಂದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಬೋರ್ಡು ಹಾಕಿದ ಮೇಲೆ ಮತ್ತೆ ಕಳವಾಗಲಿಲ್ಲ ಅನ್ನುವುದು ಮಾತ್ರ ನಿಜ. ಈಗ ನನ್ನ ತಮ್ಮ ಅದರ ಪಕ್ಕದಲ್ಲೇ ಸಿಸಿ ಕ್ಯಾಮೆರಾ ಹಾಕಿಸಿದ್ದಾನೆ. ಕರೆಂಟು ಹೋದಾಗ ಅಮ್ಮನವರು ನೋಡಿಕೊಳ್ಳುತ್ತಾರಂತೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದೇ ಜಾಸ್ತಿ, ಅಲ್ವಾ?

ಅದೂ ಶರಾವತಿಯ ಪಕ್ಕದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಹೊಳೆಯನ್ನು ತಡೆದದ್ದೇ ಕರೆಂಟಿಗಾಗಿ. ನೀರು ತುಂಬಿದರೆ ಸಮುದ್ರ ಮಟ್ಟದಿಂದ 1,819 ಅಡಿ. ಅದರೊಳಗೆ ಮನೆ, ಗದ್ದೆ, ತೋಟ, ಗುಡಿ ಎಲ್ಲ ಹೋದವು. ಇದಕ್ಕೆ ನಮ್ಮಲ್ಲಿ ಒಂದೇ ಮಾತು, ಮುಳುಗಡೆ. 'ಅವರು ಮುಳುಗಡೆಯವರು' ಅಂದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಸಿಗಂದೂರಿನ ಅಮ್ಮನವರ ಮೂಲ ಸ್ಥಾನ ಸೀಗೆ ಕಣಿವೆ. ಆ ಜಾಗವೂ ಹಿನ್ನೀರಿನ ಪಾಲಾಯಿತು, ದೇವಿ ಈಗಿನ ಜಾಗಕ್ಕೆ ಬಂದಳು. ಅಂದರೆ ದೇವಿಯೂ ಮುಳುಗಡೆಯವಳೇ. ಮಕರ ಸಂಕ್ರಾಂತಿಗೆ ಇಲ್ಲಿ ದೊಡ್ಡ ಜಾತ್ರೆ. ದರ್ಶನ, ಸಾಲು, ಪ್ರಸಾದದ ಊಟ, ಇವೆಲ್ಲ ನಿಮಗೆ ಗೊತ್ತಿರುವಂಥದ್ದೇ, ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ದಾರಿಯ ಬಗ್ಗೆ. ಮೊನ್ನೆ ಮೊನ್ನೆಯವರೆಗೂ ಹೊಳೆಬಾಗಿಲಿಗೆ ಬಂದರೆ ರಸ್ತೆ ನೀರಿಗೆ ಇಳಿದು ಮುಗಿದುಹೋಗುತ್ತಿತ್ತು. ಅಲ್ಲಿಂದ ಲಾಂಚು. ಬಸ್ಸು, ಕಾರು, ಹಾಲಿನ ಕ್ಯಾನು, ಹರಕೆ ಹೊತ್ತವರು, ಶಾಲೆ ಮಕ್ಕಳು, ಎಲ್ಲ ಒಂದೇ ಲಾಂಚಿನಲ್ಲಿ ಈಚೆ ದಡದ ಅಂಬಾರಗೋಡ್ಲಿನಿಂದ ಆಚೆ ದಡದ ಕಳಸವಳ್ಳಿಗೆ. ಪೇಟೆಯಿಂದ ಬಂದವರಿಗೆ ಅದು ಮಜಾ. ಬಿಸಿಲಿಗೆ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಚೆ ದಡದ ತುಮರಿ ಕಡೆಯವರಿಗೆ ಹಾಗಲ್ಲ. ಸಂಜೆ ಕೊನೇ ಲಾಂಚು ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ, ಒಂದೋ ಹೊಸನಗರದ ಕಡೆಯಿಂದ ಸುತ್ತು ಹೊಡೆಯಬೇಕು, ಇಲ್ಲವೇ ಬೆಳಗಾಗುವುದನ್ನು ಕಾಯಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಬಂದ್. ಅರವತ್ತು ವರ್ಷ ಹೀಗೇ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದ, ನಡುವೆ ಕೇಬಲ್‌ಗಳು. ಆಮೇಲೆ 'ಲಾಂಚಿನ ಸೊಗಸು ಹೋಯ್ತು' ಅಂತ ಮರುಗುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ವರ್ಷಕ್ಕೊಮ್ಮೆ ದಾಟುವವರಿಗೆ ಅದು ಸೊಗಸು, ದಿನಾ ದಾಟುವವರನ್ನು ಕೇಳಿ.

ಹೀಗೆ ಹೇಳುವ ನಾನೇ ಈ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಸ್ವಲ್ಪ ಪೇಚಿಗೆ ಸಿಕ್ಕಿದೆ. ಅಮ್ಮ ಮುಳುಗಡೆಯವಳು, ಆಗ ಅವಳಿಗೆ ಏಳು ವರ್ಷ. ಲಾಂಚಿನಲ್ಲಿ ಹೋಗುವಾಗಲೆಲ್ಲ ಕಂಬಿ ಹಿಡಿದು ನಿಂತು ತೋರಿಸುತ್ತಿದ್ದಳು: ಅಲ್ಲಿ ನೋಡು, ಆ ಬೋಳು ಮರ ಇದೆಯಲ್ಲ, ಅದರ ಎಡಕ್ಕೆ ನಮ್ಮ ಗದ್ದೆ, ಮೇಲೆ ಕೊಟ್ಟಿಗೆ, ಆಚೆ ಅಜ್ಜಿ ನೆಟ್ಟ ಹಲಸು. ಅಲ್ಲಿ ಬರೀ ನೀರು. ಪ್ರತಿ ಸಲವೂ ಅದೇ ಕ್ರಮದಲ್ಲಿ ಹೇಳುತ್ತಿದ್ದಳು, ಹಲಸಿನ ಮರಕ್ಕೆ ಬರುವಷ್ಟರಲ್ಲಿ ಲಾಂಚು ದಡ ಮುಟ್ಟುತ್ತಿತ್ತು.

ಈ ಸಲ ಕಾರು ಸೇತುವೆ ಹತ್ತಿತು. 'ಅಲ್ಲಿ ನೋಡು' ಅಂತ ಶುರುಮಾಡಿದಳು. ಗದ್ದೆ ಅನ್ನುವಷ್ಟರಲ್ಲಿ ಆಚೆ ದಡ ಬಂದೇಬಿಟ್ಟಿತು. ಅಮ್ಮ ಮಾತು ನಿಲ್ಲಿಸಿದಳು. ಪೂಜೆ ಮುಗಿಯಿತು, ಊಟವೂ ಆಯಿತು. ಕಾರಿಗೆ ಹತ್ತುವ ಮೊದಲು ಕೇಳಿದಳು, 'ಬರ್ತಾ ಸೇತುವೆ ಮೇಲೆ ನಡ್ಕೊಂಡು ಹೋಗೋಣ್ವೇನೋ?'

ಮೊಣಕಾಲು ನೋವಿನ ಹೆಂಗಸು. ತಮ್ಮನಿಗೆ ಕಾರು ಕೊಟ್ಟು ಆಚೆ ಕಾಯಲು ಹೇಳಿದೆ. ಗಾಳಿ ಜೋರಿತ್ತು, ಅವಳ ಸೆರಗನ್ನು ನಾನೇ ಹಿಡಿದುಕೊಂಡಿದ್ದೆ. ಒಂದು ಗಂಟೆಯೇ ಹಿಡಿಯಿತು. ಹಲಸಿನ ಮರ ದಾಟಿ, ಪಕ್ಕದ ಮನೆಯವರ ಬಾವಿಯವರೆಗೂ ಹೇಳಿದಳು. ಆ ಬಾವಿಯ ವಿಷಯ ನಾನು ಅವತ್ತೇ ಮೊದಲು ಕೇಳಿದ್ದು.